ಇಳಿದು ದೂಡುವ ದಾರಿ

"ಏನು ಸ್ವಾಮಿ, ಕೆಲಸ ಹೋಯಿತೇ?"

ಒಂದು ಶುಕ್ರವಾರದ ಬೆಳಗ್ಗೆ ವಾದಿ ಕಬೀರಿನ ವೃತ್ತದ ಬಳಿ ನನ್ನ ಪಕ್ಕದಲ್ಲಿ ಕಾರು ನಿಲ್ಲಿಸಿ, ಕಿಟಕಿಯ ಗಾಜನ್ನು ಅರ್ಧ ಇಳಿಸಿ, ಪರಿಚಿತ ಹಿರಿಯರೊಬ್ಬರು ಕೇಳಿದ ಪ್ರಶ್ನೆ ಇದು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾದ ಕಳವಳವಿತ್ತು. ಯುಗಾದಿಯ ಕಾರ್ಯಕ್ರಮದಲ್ಲಿ ನನ್ನ ಪಕ್ಕದಲ್ಲಿಯೇ ಕುಳಿತು ಹೋಳಿಗೆ ತಿಂದಿದ್ದ ಅವರಿಗೆ, ತಲೆಗೆ ಬುರುಡೆಯಂಥ ಟೋಪಿ ಹಾಕಿಕೊಂಡು, ಮೈಗಂಟುವ ಚಡ್ಡಿ ತೊಟ್ಟು, ಬೆವರಿಳಿಸುತ್ತ ಸೈಕಲ್ ತುಳಿಯುತ್ತಿದ್ದ ನನ್ನನ್ನು ಕಂಡು ಬೇರೆ ಯಾವ ಕಾರಣವೂ ಹೊಳೆದಿರಲಾರದು. ಕೊಲ್ಲಿ ರಾಷ್ಟ್ರಗಳಲ್ಲಿ ಬದುಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಕಾರು ಉಳ್ಳವನು ಕಾರಿನಲ್ಲಿ ಹೋಗುತ್ತಾನೆ. ಇಲ್ಲದವನು ಟ್ಯಾಕ್ಸಿಯಲ್ಲೋ ಕಂಪನಿಯ ಬಸ್ಸಿನಲ್ಲೋ ಹೋಗುತ್ತಾನೆ. ಅದಕ್ಕೂ ಗತಿಯಿಲ್ಲದವನು ಸೈಕಲ್ಲಿನಲ್ಲಿ ಹೋಗುತ್ತಾನೆ. "ಇಲ್ಲ ಸಾರ್, ವ್ಯಾಯಾಮಕ್ಕೆ" ಎಂದು ನಾನು ನಕ್ಕೆ. ಅವರು ನಂಬಿದಂತೆ ಕಾಣಲಿಲ್ಲ. ಆ ಸಂಜೆಯೇ ಅವರ ಮನೆಯವರು ನನ್ನ ಹೆಂಡತಿಗೆ ಫೋನು ಮಾಡಿ, "ಏನಾದರೂ ಸಹಾಯ ಬೇಕಿದ್ದರೆ ಸಂಕೋಚಪಡಬೇಡಿ" ಎಂದು ಹೇಳಿದರಂತೆ.

ಈ ಸ್ಮರಣ ಸಂಚಿಕೆಗೆ ಏನಾದರೂ ಬರೆಯಿರೆಂದು ಮಿತ್ರರು ಒತ್ತಾಯಿಸಿದಾಗ ನನಗೆ ಮೊದಲು ನೆನಪಾದದ್ದು ಈ ಪ್ರಸಂಗ. ಸಾಹಿತ್ಯ, ಸಂಸ್ಕೃತಿ, ಭಾಷೆಯ ಅಳಿವು ಉಳಿವುಗಳ ಬಗ್ಗೆ ತಿಳಿದವರು ಈ ಪುಟಗಳಲ್ಲಿ ಬರೆಯುತ್ತಾರೆ. ನಾನು ಸೈಕಲ್ಲಿನ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ. ಓದುಗ ಬಂಧುಗಳು ಸಹಿಸಿಕೊಳ್ಳಬೇಕು.

ನಾನು ಮಸ್ಕತ್ತಿಗೆ ಬಂದಿಳಿದದ್ದು 1993ರಲ್ಲಿ. ರುವಿಯಿಂದ ದಕ್ಷಿಣಕ್ಕೆ, ಬೋಳು ಗುಡ್ಡಗಳ ನಡುವೆ ಚಾಚಿಕೊಂಡಿರುವ ಕಣಿವೆಯೇ ವಾದಿ ಕಬೀರ್. ಅರಬ್ಬಿ ಭಾಷೆಯಲ್ಲಿ ಆ ಹೆಸರಿಗೆ ದೊಡ್ಡ ಕಣಿವೆ, ದೊಡ್ಡ ಹಳ್ಳ ಎಂದರ್ಥ. ಹಳ್ಳವೆಂದರೆ ನೀರಿರಬೇಕೆಂದು ತಿಳಿದಿದ್ದ ಮಲೆನಾಡಿನವನಾದ ನನಗೆ ಮೊದಲು ಕಂಡದ್ದು ಬರಿಯ ಜಲ್ಲಿಕಲ್ಲು. ಹಳ್ಳ ನಿಜವಾಗಿಯೂ ಹಳ್ಳವೆಂಬುದು ತಿಳಿದದ್ದು 2007ರ ಜೂನ್ ತಿಂಗಳಲ್ಲಿ, ಗೋನು ಚಂಡಮಾರುತ ಬಂದಾಗ. ಸುತ್ತಲಿನ ಗುಡ್ಡಗಳಲ್ಲಿ ಹುಲ್ಲುಕಡ್ಡಿಯೂ ಇಲ್ಲ. ಕಂದು, ಕಪ್ಪು ಬಣ್ಣದ ಬಂಡೆ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳವಾಗಿದ್ದ ಶಿಲೆ ಮೇಲೆದ್ದು ಈ ಗುಡ್ಡಗಳಾಗಿವೆಯೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅವುಗಳ ಬುಡದಲ್ಲಿ ಕಾರಿನ ಮಳಿಗೆಗಳು, ಗ್ಯಾರೇಜುಗಳು, ಬಡಗಿಯ ಅಂಗಡಿಗಳು, ವೆಲ್ಡಿಂಗ್ ಶೆಡ್ಡುಗಳು, ನಮ್ಮ ಮಕ್ಕಳು ಓದಿದ ಇಂಡಿಯನ್ ಸ್ಕೂಲು. ಹಳೆಯ ಕಾರಿನಿಂದ ಹಳೆಯ ಚಾಪೆಯವರೆಗೆ ಎಲ್ಲವೂ ದೊರೆಯುತ್ತಿದ್ದ ಶುಕ್ರವಾರದ ಸಂತೆಯೂ ಆ ಕಾಲದಲ್ಲಿ ಅಲ್ಲಿಯೇ ನಡೆಯುತ್ತಿತ್ತು. ನನ್ನ ಮೊದಲ ಮನೆಯ ಮಂಚವನ್ನೂ ಮೇಜನ್ನೂ ನಾನು ಕೊಂಡದ್ದು ಆ ಸಂತೆಯಲ್ಲಿ.

ಬೆಳಗಿನ ಜಾವ ಐದು ಗಂಟೆಗೆ ಆ ರಸ್ತೆಗಳಲ್ಲಿ ಸೈಕಲ್ಲುಗಳ ಸಾಲು ಹೊರಡುತ್ತಿತ್ತು. ನೀಲಿ ಅಂಗಿಯ ಕೆಲಸಗಾರರು, ಹ್ಯಾಂಡಲ್ಲಿಗೆ ತೂಗುಹಾಕಿದ ಬುತ್ತಿಯ ಡಬ್ಬಿ, ದೀಪವಿಲ್ಲದ, ಕೆಲವೊಮ್ಮೆ ಬ್ರೇಕೂ ಇಲ್ಲದ ಸೈಕಲ್ಲು. ಹದಿನೇಳು ವರ್ಷ ನಾನು ಆ ಸಾಲನ್ನು ಕಾರಿನ ಗಾಜಿನೊಳಗಿಂದ ನೋಡಿದೆ. ನೋಡಿದೆನೆನ್ನುವುದೂ ತಪ್ಪು, ಅವರು ಅಡ್ಡ ಬಂದಾಗ ಹಾರ್ನು ಮಾಡಿದೆ, ಅಷ್ಟೆ.

ಸೈಕಲ್ಲು ನನಗೆ ಹೊಸದಾಗಿರಲಿಲ್ಲ. ಸಾಗರ ತಾಲೂಕಿನ ಹಳ್ಳಿಯೊಂದರಲ್ಲಿ ನನ್ನ ತಂದೆಯವರು ಪ್ರಾಥಮಿಕ ಶಾಲೆಯ ಮೇಷ್ಟರು. ಅವರ ಕರಿಯ ಸೈಕಲ್ಲು ನಮ್ಮ ಮನೆಯ ದೊಡ್ಡ ಆಸ್ತಿಯಾಗಿತ್ತು. ಹಿಂದಿನ ಚಕ್ರಕ್ಕೆ ತಾಗಿಸಿದ ಡೈನಮೊ, ಮುಂದೆ ಹಿತ್ತಾಳೆಯ ಗಂಟೆ, ಮಳೆಗಾಲದಲ್ಲಿ ಸೀಟಿಗೊಂದು ಪ್ಲಾಸ್ಟಿಕ್ಕಿನ ಚೀಲ. ನಾನು ಮುಂದಿನ ಬಾರಿನ ಮೇಲೆ ಕುಳಿತು ಅವರೊಂದಿಗೆ ಶಾಲೆಗೆ ಹೋಗುತ್ತಿದ್ದೆ. ಮಲೆನಾಡಿನ ದಾರಿ, ಸಮತಟ್ಟೆಂಬುದೇ ಇಲ್ಲ. ಏರು ಬಂದೊಡನೆ ಅಪ್ಪ ಇಳಿಯುತ್ತಿದ್ದರು. ನನ್ನನ್ನು ಇಳಿಸುತ್ತಿರಲಿಲ್ಲ. ಪಂಚೆಯ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಸೈಕಲ್ಲನ್ನೂ ನನ್ನನ್ನೂ ಸೇರಿಸಿ ದೂಡುತ್ತ, ಮಗ್ಗಿ ಹೇಳಿಸುತ್ತಿದ್ದರು. ಹದಿಮೂರರ ಮಗ್ಗಿ ಮುಗಿಯುವಷ್ಟರಲ್ಲಿ ಏರು ಮುಗಿಯುತ್ತಿತ್ತು. ಮುಂದೆ ಚೌಕಟ್ಟಿನ ಸಂದಿಯಲ್ಲಿ ಕಾಲು ತೂರಿಸಿ ಒಳಪೆಡಲು ತುಳಿದು, ಮೊಣಕಾಲು ಕೆತ್ತಿಸಿಕೊಂಡು ನಾನೂ ಸವಾರನಾದೆ. ಆದರೆ ಇಂಜಿನಿಯರಾಗಿ ಊರು ಬಿಟ್ಟ ಮೇಲೆ ಸೈಕಲ್ಲು ಮುಟ್ಟಲಿಲ್ಲ. ನಾವು ಸೈಕಲ್ಲಿನಿಂದ ದೂರ ಬಂದಷ್ಟೂ ಮುಂದೆ ಬಂದೆವೆಂದು ನಮ್ಮ ತಲೆಮಾರು ನಂಬಿತ್ತು.

ಮತ್ತೆ ಸೈಕಲ್ಲಿಗೆ ನನ್ನನ್ನು ಹತ್ತಿಸಿದವರು ಇಬ್ಬರು. ಮೊದಲನೆಯವರು ವೈದ್ಯರು. ನಲವತ್ತಾರನೆಯ ವಯಸ್ಸಿನಲ್ಲಿ ಸಕ್ಕರೆಯ ಪ್ರಮಾಣ ನೋಡಿ ಅವರು ಹುಬ್ಬೇರಿಸಿದರು. ಎರಡನೆಯದು ಒಮಾನ್ ದೇಶವೇ. 2010ರ ಫೆಬ್ರವರಿಯಲ್ಲಿ ಇಲ್ಲಿ 'ಟೂರ್ ಆಫ್ ಒಮಾನ್' ಎಂಬ ಸೈಕಲ್ ಸ್ಪರ್ಧೆ ಮೊದಲ ಬಾರಿಗೆ ನಡೆಯಿತು. ಬೆಲ್ಜಿಯಮ್ಮಿನ ಮಹಾಸವಾರ ಎಡ್ಡಿ ಮರ್ಕ್ಸ್ ಅದರ ಏರ್ಪಾಡಿನಲ್ಲಿ ಕೈಜೋಡಿಸಿದ್ದರು. ಸ್ವಿಟ್ಜರ್ಲೆಂಡಿನ ಫೇಬಿಯನ್ ಕ್ಯಾನ್ಸೆಲ್ಲಾರಾ ಗೆದ್ದರು. ಸುಲ್ತಾನ್ ಕಾಬೂಸರು ಅಧಿಕಾರಕ್ಕೆ ಬಂದ 1970ರಲ್ಲಿ ಇಡೀ ದೇಶದಲ್ಲಿ ಡಾಮರು ಕಂಡ ರಸ್ತೆ ಸುಮಾರು ಹತ್ತು ಕಿಲೋಮೀಟರು ಮಾತ್ರವಿತ್ತೆಂದು ಹೇಳುವುದುಂಟು. ನಲವತ್ತೇ ವರ್ಷಗಳಲ್ಲಿ ಜಗತ್ತಿನ ಶ್ರೇಷ್ಠ ಸವಾರರು ಬಂದು ಓಡಿಸುವಂಥ ರಸ್ತೆಗಳು ಇಲ್ಲಿ ಸಿದ್ಧವಾಗಿದ್ದವು. ಮುಂದಿನ ವರ್ಷಗಳಲ್ಲಿ ಮತ್ರಾದ ಕಡಲದಂಡೆಯಲ್ಲಿ ಮಕ್ಕಳೊಂದಿಗೆ ನಿಂತು ನಾನೂ ಚಪ್ಪಾಳೆ ತಟ್ಟಿದೆ. ನೂರಕ್ಕೂ ಮಿಕ್ಕಿದ ಸೈಕಲ್ಲುಗಳು ಒಟ್ಟಾಗಿ ಹಾದುಹೋಗುವಾಗ ಕೇಳುವ ಸದ್ದು ಯಂತ್ರದ ಸದ್ದಲ್ಲ. ಅಡಕೆ ತೋಟದ ಮೇಲೆ ದೂರದಿಂದ ಮಳೆ ಬರುವ ಸದ್ದು. ಹಸಿರು ಬೆಟ್ಟವೆಂದು ಹೆಸರಾದ ಜೆಬೆಲ್ ಅಖ್ದರ್‌ನ ಏರನ್ನು 2011ರಿಂದ ಸ್ಪರ್ಧೆಗೆ ಸೇರಿಸಿಕೊಂಡರು. ಆರು ಕಿಲೋಮೀಟರಿಗೆ ತುಸು ಕಡಿಮೆ ಉದ್ದ, ನೂರು ಮೀಟರು ಮುಂದೆ ಹೋದರೆ ಹತ್ತು ಮೀಟರಿಗೂ ಹೆಚ್ಚು ಮೇಲೇರುವಂಥ ಕಡಿದು. 2013 ಮತ್ತು 2014ರಲ್ಲಿ ಈ ಸ್ಪರ್ಧೆಯನ್ನು ಕ್ರಿಸ್ ಫ್ರೂಮ್ ಗೆದ್ದರು. ಸುಲ್ತಾನರು ತೀರಿಕೊಂಡ 2020ರಲ್ಲಿ ಶೋಕಾಚರಣೆಯ ಕಾರಣ ಸ್ಪರ್ಧೆ ನಡೆಯಲಿಲ್ಲ.

ಆ ಚಪ್ಪಾಳೆಯ ಉತ್ಸಾಹದಲ್ಲಿಯೇ ನಾನೊಂದು ಸೈಕಲ್ಲು ಕೊಂಡೆ. ನಾನೂರ ಎಂಬತ್ತು ರಿಯಾಲ್. ಹೆಂಡತಿಗೆ ಬೆಲೆ ಹೇಳಲು ಮೂರು ದಿನ ಹಿಡಿಯಿತು.

ಮಸ್ಕತ್ತಿನಲ್ಲಿ ಶುಕ್ರವಾರ ಬೆಳಗಾಗುವ ಮೊದಲೇ ಸೈಕಲ್ ತುಳಿಯುವ ಹವ್ಯಾಸಿಗಳ ಗುಂಪುಗಳು ಇವೆ. ಒಮಾನಿಗಳು, ಬ್ರಿಟಿಷರು, ಫಿಲಿಪೀನಿಗಳು, ನಮ್ಮ ಮಲಯಾಳಿ ಮಿತ್ರರು. ಫಜರ್ ನಮಾಜಿನ ಕರೆ ಕೇಳುವ ಹೊತ್ತಿಗೆ ನಾವು ರಸ್ತೆಯಲ್ಲಿರುತ್ತಿದ್ದೆವು. ಬೇಸಿಗೆಯಲ್ಲಿ ಏಳು ಗಂಟೆಗೇ ಡಾಮರು ಕಾಯುವುದರಿಂದ ಬೇರೆ ದಾರಿಯಿಲ್ಲ. ವಾದಿ ಕಬೀರಿನಿಂದ ಗುಡ್ಡ ಹತ್ತಿ ಅಲ್ ಬುಸ್ತಾನಿನ ಕಡಲಿಗೆ ಇಳಿಯುವುದು, ಖಂತಾಬಿನ ಕಡೆಗೆ ತಿರುಗುವುದು, ಮತ್ತದೇ ಗುಡ್ಡವನ್ನು ಹಿಂದಿರುಗಿ ಹತ್ತುವುದು. ಇದು ನನ್ನ ಪಾಠಶಾಲೆ. ಬಾಯಾರುವ ಮೊದಲೇ ನೀರು ಕುಡಿಯಬೇಕು. ನೀರಿಗೆ ಚಿಟಿಕೆ ಉಪ್ಪು ಬೆರೆಸಬೇಕು. ಏರು ಬಂದ ಮೇಲೆ ಗಿಯರು ಬದಲಿಸಿದರೆ ಚೈನು ಕಳಚುತ್ತದೆ, ಬರುವ ಮೊದಲೇ ಬದಲಿಸಬೇಕು. ಇವೆಲ್ಲ ಕಲಿತೆ. ಏರಿನಲ್ಲಿ ಕಾಲು ನೆಲಕ್ಕೆ ಊರುವುದು ಅವಮಾನವೆಂಬುದನ್ನೂ ಆ ಗುಂಪಿನಲ್ಲಿಯೇ ಕಲಿತೆ. ಯಾರೂ ಹಾಗೆಂದು ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಕಾಫಿಗೆ ಕುಳಿತಾಗ ಮೊದಲು ಬರುತ್ತಿದ್ದ ಪ್ರಶ್ನೆ ಒಂದೇ: "ನಿಲ್ಲಿಸದೆ ಹತ್ತಿದೆಯಾ?"

ಒಂದು ಜನವರಿಯ ಬೆಳಗ್ಗೆ ನಾನು ಒಬ್ಬನೇ ಹೊರಟಿದ್ದೆ. ಗುಡ್ಡದ ಬುಡದಲ್ಲಿಯೇ ಹಿಂದಿನ ಚಕ್ರ ಕೂತಿತು. ಒಡೆದ ಲಾರಿ ಟಯರುಗಳಿಂದ ಉದುರುವ ಕೂದಲಿನಷ್ಟು ಸಣ್ಣ ಉಕ್ಕಿನ ತಂತಿ ಇಲ್ಲಿನ ರಸ್ತೆಯಂಚಿನಲ್ಲೆಲ್ಲ ಬಿದ್ದಿರುತ್ತದೆ, ಅದೇ ಚುಚ್ಚಿತ್ತು. ಜೊತೆಗಿದ್ದ ಹೆಚ್ಚುವರಿ ಟ್ಯೂಬನ್ನು ಹಾಕುವ ಅವಸರದಲ್ಲಿ ಅದರ ಮೂತಿಯನ್ನೇ ಮುರಿದೆ. "ಅಯ್ಯೋ ದೇವರೇ" ಎಂದು ಗಟ್ಟಿಯಾಗಿಯೇ ಹೇಳಿಕೊಂಡಿರಬೇಕು.

"ಹ್ವಾಯ್, ಎಂತ ಆಯ್ತ್?"

ತಿರುಗಿ ನೋಡಿದರೆ ನೀಲಿ ಅಂಗಿಯ ಒಬ್ಬಾತ, ತುಕ್ಕು ಹಿಡಿದ ಸೈಕಲ್ಲಿನಿಂದ ಇಳಿಯುತ್ತಿದ್ದಾನೆ. ಕುಂದಾಪುರದ ಕನ್ನಡ! ಆ ಬೋಳು ಗುಡ್ಡದ ಕೆಳಗೆ ಆ ಒಂದು ಮಾತು ಕೇಳಿ ನನಗಾದ ಸಂತೋಷವನ್ನು ಹೊರನಾಡಿನಲ್ಲಿರುವ ನೀವು ಊಹಿಸಬಲ್ಲಿರಿ. ಬೈಂದೂರಿನ ಕಡೆಯವನು. ನಾನು ಸಾಗರದವನೆಂದಾಗ, "ಕೊಲ್ಲೂರ್ ಘಾಟಿ ಹತ್ತಿರೆ ನಿಮ್ಮೂರೇ ಅಲ್ದಾ" ಎಂದು ಬಾಂಧವ್ಯವನ್ನು ಅಲ್ಲಿಯೇ ಕಟ್ಟಿದ. ವೆಲ್ಡಿಂಗ್ ಶೆಡ್ಡಿನಲ್ಲಿ ಕೆಲಸ. ವಾಸದ ಕ್ಯಾಂಪಿನಿಂದ ಶೆಡ್ಡಿಗೆ ದಿನವೂ ಸೈಕಲ್ಲು. ಸೀಟಿನ ಹಿಂದೆ ಕಟ್ಟಿದ್ದ ಸಣ್ಣ ಬಿಸ್ಕತ್ತಿನ ಡಬ್ಬಿ ಬಿಚ್ಚಿದ. ಅದರಲ್ಲಿ ಹಳೆಯ ಟ್ಯೂಬಿನ ತುಂಡುಗಳು, ಉಪ್ಪುಕಾಗದ, ಸೊಲ್ಯೂಷನ್ ಟ್ಯೂಬು. ನನ್ನ ಮೊದಲ ಟ್ಯೂಬನ್ನು ಕೆನ್ನೆಯ ಹತ್ತಿರ ಹಿಡಿದು, ಗಾಳಿ ತಾಗುವ ಜಾಗ ಹುಡುಕಿ, ಉಜ್ಜಿ, ಅಂಟು ಹಚ್ಚಿ, ಊದಿ, ಒಣಗಿಸಿ, ತುಂಡು ಅಂಟಿಸಿದ. ಟಯರಿನ ಒಳಗೆ ಬೆರಳಾಡಿಸಿ, ನಾನು ಹುಡುಕದೇ ಬಿಟ್ಟಿದ್ದ ತಂತಿಯನ್ನು ಉಗುರಿನಿಂದ ಕಿತ್ತು ತೆಗೆದ. ಹತ್ತು ನಿಮಿಷದ ಕೆಲಸ. ದುಡ್ಡು ಕೊಡಹೋದರೆ ಕೈ ಹಿಂದೆಗೆದುಕೊಂಡ.

ಆಮೇಲೆ ನನ್ನ ಸೈಕಲ್ಲನ್ನು ಒಂದೇ ಬೆರಳಿನಿಂದ ಎತ್ತಿ ನೋಡಿ ಬೆರಗಾಗಿ ಕೇಳಿದ: "ಇದ್ರ ಬೆಲೆ ಎಷ್ಟ್?"

"ಅರವತ್ತು ರಿಯಾಲ್" ಎಂದೆ.

ಏಕೆ ಹಾಗೆ ಹೇಳಿದೆನೋ ನನಗೇ ತಿಳಿಯದು. ಆತ "ಹೌದಾ" ಎಂದು ತಲೆಯಾಡಿಸಿದ. ನಾಲ್ಕು ತಿಂಗಳ ಅವನ ಸಂಬಳ ನನ್ನ ಸೀಟಿನ ಕೆಳಗಿತ್ತು. ನಾನು ಗುಡ್ಡ ಹತ್ತಲಾರಂಭಿಸಿದಾಗ ಹಿಂದಿನಿಂದ ಕೂಗಿ ಹೇಳಿದ: "ಏರ್ ಕಾಣ್ಬೇಡಿ, ಮುಂದಿನ್ ಚಕ್ರ ಕಾಣಿ!"

ಅಂದಿನಿಂದ ಅವನ ಪರಿಚಯ ಬೆಳೆಯಿತು. ಶುಕ್ರವಾರ ಸವಾರಿ ಮುಗಿಸಿ ಬರುವಾಗ ಶೆಡ್ಡುಗಳ ಬಳಿಯ ಚಹಾದಂಗಡಿಯಲ್ಲಿ ಸಿಗುತ್ತಿದ್ದ. ಕರಕ್ ಚಹಾ, ಒಂದು ಪರೋಟ, ಊರಿನ ಮಾತು. ಬೆಲೆಯ ಸುಳ್ಳು ಮಾತ್ರ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತ್ತು.

ಇಷ್ಟರಲ್ಲಿ ನನಗೆ ದೊಡ್ಡ ಸವಾರಿಯ ಹುಚ್ಚು ಹಿಡಿಯಿತು. ಲೋಕದಲ್ಲಿ ಹವ್ಯಾಸಿಗಳಿಗಾಗಿಯೇ ನಡೆಯುವ ಸಾಮೂಹಿಕ ಸವಾರಿಗಳಿಗೆ ದೀರ್ಘ ಪರಂಪರೆಯಿದೆ. ಪ್ಯಾರಿಸ್ಸಿನಿಂದ ಬ್ರೆಸ್ಟ್ ನಗರಕ್ಕೆ ಹೋಗಿ ಹಿಂದಿರುಗುವ ಸವಾರಿ ಮೊದಲು ನಡೆದದ್ದು 1891ರಲ್ಲಿ. ಅದೀಗ ಹವ್ಯಾಸಿಗಳದು, ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, ಸಾವಿರದ ಇನ್ನೂರು ಕಿಲೋಮೀಟರನ್ನು ಹೆಚ್ಚೆಂದರೆ ತೊಂಬತ್ತು ಗಂಟೆಗಳಲ್ಲಿ ಮುಗಿಸಬೇಕು, ಮುಗಿಸಿದವರಲ್ಲಿ ಮೊದಲನೆಯವನಿಗೂ ಕೊನೆಯವನಿಗೂ ಗೌರವ ಒಂದೇ. 2019 ಮತ್ತು 2023ರಲ್ಲಿ ನಮ್ಮ ದೇಶದಿಂದಲೂ ನೂರಾರು ಜನ ಹೋಗಿದ್ದರು. ಟೂರ್ ಡಿ ಫ್ರಾನ್ಸಿನ ಒಂದು ದಿನದ ಹಾದಿಯನ್ನೇ ಹವ್ಯಾಸಿಗಳಿಗೆ ಬಿಟ್ಟುಕೊಡುವ 'ಎಟಾಪ್' ಎಂಬ ಸವಾರಿ 1993ರಿಂದ ನಡೆಯುತ್ತಿದೆ. ಸಾವಿರಾರು ಜನ ಸೇರುತ್ತಾರೆ. ನಮ್ಮಲ್ಲಿ 2008ರ ಡಿಸೆಂಬರಿನಲ್ಲಿ ಬೆಂಗಳೂರಿನ ಸೈಕಲ್ ಪ್ರಿಯರು 'ಟೂರ್ ಆಫ್ ನೀಲಗಿರೀಸ್' ಆರಂಭಿಸಿದರು. ಕರ್ನಾಟಕ, ತಮಿಳುನಾಡು, ಕೇರಳಗಳ ಬೆಟ್ಟದ ಹಾದಿಗಳಲ್ಲಿ ಹಲವು ದಿನಗಳ ಸವಾರಿ. ಸೈನಿಕರು, ವೈದ್ಯರು, ಸಾಫ್ಟ್‌ವೇರಿನವರು, ನಿವೃತ್ತರು, ಹೊರದೇಶಗಳಿಂದ ಬಂದವರು. ಐವತ್ತು ದಾಟಿದ ಮೇಲಿನ ಒಂದು ಡಿಸೆಂಬರಿನಲ್ಲಿ, ವಾರ್ಷಿಕ ರಜೆಯನ್ನು ಅದಕ್ಕೇ ಜೋಡಿಸಿಕೊಂಡು, ಸೈಕಲ್ಲನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ ವಿಮಾನಕ್ಕೆ ಹಾಕಿ ನಾನೂ ಹೋದೆ. "ಅಪ್ಪ ಬದುಕಿದ್ದರೆ, ಸೈಕಲ್ಲು ತುಳಿಯಲು ವಿಮಾನದಲ್ಲಿ ಬರುತ್ತೀಯಾ ಎಂದು ಕೇಳುತ್ತಿದ್ದರು" ಎಂದು ಅಮ್ಮ ನಕ್ಕಳು.

ಆ ದಿನಗಳ ಸುಖವನ್ನು ಹೇಗೆ ಬಣ್ಣಿಸಲಿ! ಬೆಳಗಿನ ಮಂಜಿನಲ್ಲಿ ನೂರು ಸೈಕಲ್ಲುಗಳ ಹಿಂದಿನ ಕೆಂಪು ದೀಪ, ಕಬ್ಬಿನ ಗದ್ದೆಗಳ ನಡುವೆ ಬೆಲ್ಲದ ಗಾಣದ ವಾಸನೆ, ಊರೂರಿನ ಶಾಲೆಯ ಮಕ್ಕಳು ಬೇಲಿಯ ಬಳಿ ನಿಂತು ಕೈ ಚಾಚುತ್ತಿದ್ದುದು, "ಎಲ್ಲಿಗ್ ಹೊಂಟ್ರಿ, ಎಷ್ಟ್ ಕೊಡ್ತಾರೆ?" ಎಂದು ಚಹಾದಂಗಡಿಯ ಅಜ್ಜ ಕೇಳಿದ್ದು. ಏನೂ ಕೊಡುವುದಿಲ್ಲ, ನಾವೇ ದುಡ್ಡು ಕಟ್ಟಿದ್ದೇವೆ ಎಂದಾಗ ಆತ ಚಹಾದ ಲೋಟ ಕೆಳಗಿಟ್ಟು ನನ್ನನ್ನು ತುಂಬ ಹೊತ್ತು ನೋಡಿದ. ಮಸ್ಕತ್ತಿನಲ್ಲಿ ಇಪ್ಪತ್ತು ವರ್ಷ ಕಾರಿನೊಳಗೆ ಕುಳಿತ ಮೈಗೆ ನೆಲದ ಪ್ರತಿಯೊಂದು ಏರಿಳಿತವೂ ಮತ್ತೆ ಪರಿಚಯವಾಗುತ್ತಿತ್ತು.

ಆಮೇಲೆ ಕಲ್ಹಟ್ಟಿ ಬಂತು.

ಮಸಿನಗುಡಿಯಿಂದ ಊಟಿಗೆ ಹತ್ತುವ ಈ ಘಾಟಿಯಲ್ಲಿ ಮೂವತ್ತಾರು ಹೇರ್‌ಪಿನ್ ತಿರುವುಗಳಿವೆ. 'ಹಟ್ಟಿ' ಎಂಬುದು ಬಡಗರ ಮಾತಿನಲ್ಲಿಯೂ ಊರೇ. ಆ ಭಾಷೆ ಕನ್ನಡಕ್ಕೆ ಅಕ್ಕನೋ ತಂಗಿಯೋ ಆಗಬೇಕು. ಆದರೆ ಆ ನಂಟಿನಿಂದ ನನಗೇನೂ ರಿಯಾಯಿತಿ ದೊರೆಯಲಿಲ್ಲ. ಬುಡದ ಕುರುಚಲು ಕಾಡಿನಲ್ಲಿ ಆನೆಯ ಲದ್ದಿ ಇನ್ನೂ ಹಸಿಯಾಗಿತ್ತು. ಮೊದಲ ತಿರುವಿನಲ್ಲಿಯೇ ಎದುರಿಗೆ ರಸ್ತೆಯಿಲ್ಲ, ಗೋಡೆಯಿದೆ ಎನಿಸಿತು. ಕೊನೆಯ ಗಿಯರಿಗೆ ಇಳಿದಾಗಿತ್ತು. ಇನ್ನು ಇಳಿಸಲು ಗಿಯರೇ ಇರಲಿಲ್ಲ. ಏರು ಕಾಣಬೇಡ, ಮುಂದಿನ ಚಕ್ರ ಕಾಣು ಎಂದು ಜಪಿಸಿಕೊಂಡು ಹತ್ತಿದೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು "ಕಮಾನ್ ಅಂಕಲ್" ಎನ್ನುತ್ತ ದಾಟಿ ಹೋದರು. ನನ್ನ ಲೆಕ್ಕದ ಹದಿನೇಳನೆಯ ತಿರುವಿನಲ್ಲಿ ಎರಡು ತೊಡೆಗಳೂ ಒಟ್ಟಿಗೆ ಸೆಟೆದುಕೊಂಡವು. ಸೈಕಲ್ಲು ನಿಂತಿತು. ಬೀಳುವ ಮೊದಲು ಕಾಲೂರಿದೆ.

ಆಗ ನನ್ನ ಮುಂದೆ ಎರಡು ದಾರಿಗಳಿದ್ದವು. ಸ್ವಲ್ಪ ಕುಳಿತು, ನೀರು ಕುಡಿದು, ಸೈಕಲ್ಲನ್ನು ದೂಡಿಕೊಂಡು ಹತ್ತಬಹುದಿತ್ತು. ಹಿಂದಿನಿಂದ ಬರುತ್ತಿದ್ದ ಕಾರ್ಯಕರ್ತರ ವಾಹನ ಹತ್ತಬಹುದಿತ್ತು. ದೂಡುತ್ತ ಹೋದರೆ ಉಳಿದ ತಿರುವುಗಳುದ್ದಕ್ಕೂ ಹಿಂದಿನವರೆಲ್ಲ ನನ್ನನ್ನು ನೋಡುತ್ತ ದಾಟುತ್ತಾರೆ. ವಾಹನದೊಳಗೆ ಕುಳಿತರೆ ಯಾರಿಗೂ ಕಾಣುವುದಿಲ್ಲ. "ಮಂಡಿ ನೋವು" ಎಂದು ಆ ತರುಣ ಕಾರ್ಯಕರ್ತರಿಗೆ ಹೇಳಿ ಹತ್ತಿ ಕುಳಿತೆ. ಮಂಡಿ ನೋಯುತ್ತಿರಲಿಲ್ಲ. ಸೈಕಲ್ಲಿನ ವಿಷಯದಲ್ಲಿ ಇದು ನನ್ನ ಎರಡನೆಯ ಸುಳ್ಳು. ಕಿಟಕಿಯ ಗಾಜಿನಾಚೆ, ನನಗಿಂತ ಹಿರಿಯರೊಬ್ಬರು ಸೈಕಲ್ಲು ದೂಡುತ್ತ, ಏನೋ ಗುನುಗುತ್ತ ಹತ್ತುತ್ತಿರುವುದು ಕಂಡಿತು. ಬಿಳಿಯ ಮೀಸೆ, ಬೆನ್ನ ಮೇಲೆ ಬೆವರಿನ ನಕಾಶೆ. ಸಂಜೆ ಊಟಿಯಲ್ಲಿ, ಎಲ್ಲರೂ ಸ್ವೆಟರು ತೊಟ್ಟು ಊಟಕ್ಕೆ ಕುಳಿತಾಗ, ಅವರು ಕೊನೆಯವರಾಗಿ ಒಳಗೆ ಬಂದರು. ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜನವರಿಯಲ್ಲಿ ಮಸ್ಕತ್ತಿಗೆ ಮರಳಿದೆ. ಗುಂಪಿನವರಿಗೆಲ್ಲ ಮಂಡಿಯ ಕಥೆಯನ್ನೇ ಹೇಳಿದೆ. ಚಹಾದಂಗಡಿಯಲ್ಲಿ ಬೈಂದೂರಿನ ಮಿತ್ರ ಕೇಳಿದಾಗ ಮಾತ್ರ ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದೆ. ದೂಡಲು ನಾಚಿಕೆಯಾಯಿತು, ಅದಕ್ಕೇ ಗಾಡಿ ಹತ್ತಿದೆ ಎಂದೆ.

ಅವನಿಗೆ ನನ್ನ ಕಷ್ಟ ಅರ್ಥವೇ ಆಗಲಿಲ್ಲ. "ನಾನ್ ದಿನಾ ಇಳ್ದ್ ದೂಡ್ತೆ, ಮರಾಯ್ರೆ" ಎಂದ. "ಅದ್ರಲ್ಲಿ ಎಂತ ನಾಚ್ಕಿ?"

ಆ ಮಾತಿಗೆ ನಾನು ಉತ್ತರ ಕೊಡಲಿಲ್ಲ. ನನ್ನ ಕಣ್ಣೆದುರು ಬಂದದ್ದು ಪಂಚೆ ಕಟ್ಟಿ ದೂಡುತ್ತಿದ್ದ ಅಪ್ಪ. ನಮ್ಮೂರಿನ ದಾರಿಯಲ್ಲಿ ಅವರು ಪ್ರತಿದಿನ ಎಷ್ಟು ಸಲ ಇಳಿದಿರಬೇಕು! ಬಾರಿನ ಮೇಲೆ ಕುಳಿತು ಮಗ್ಗಿ ಹೇಳುತ್ತಿದ್ದ ನನಗೆ ಅವರು ಸೋತರೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಶಾಲೆ ಮುಟ್ಟಬೇಕಿತ್ತು, ಮುಟ್ಟುತ್ತಿದ್ದೆವು.

ಬಾಯಿ ಬಿಟ್ಟದ್ದಾಯಿತು, ಇನ್ನೊಂದನ್ನೂ ಹೇಳಿಬಿಡೋಣವೆಂದು, "ಇನ್ನೊಂದು ಮಾತು. ಆ ಸೈಕಲ್ಲಿಗೆ ಅರವತ್ತು ರಿಯಾಲ್ ಅಲ್ಲ..." ಎಂದು ಶುರುಮಾಡಿದೆ.

"ಗೊತ್ತಿತ್ತ್" ಎಂದ ಆತ, ಪರೋಟ ಮುರಿಯುತ್ತ. ಸೈಕಲ್ಲು ಮಾರುವ ಅಂಗಡಿಯೊಂದರ ಶಟರು ಬೆಸೆಯಲು ಹೋದಾಗ ಗಾಜಿನ ಹಿಂದೆ ಅಂಥದೇ ಸೈಕಲ್ಲನ್ನೂ ಅದರ ಬೆಲೆಯ ಚೀಟಿಯನ್ನೂ ನೋಡಿದ್ದನಂತೆ. ನನಗೆ ಬೇಸರವಾದೀತೆಂದು ಹೇಳಿರಲಿಲ್ಲವಂತೆ. ಎರಡು ವರ್ಷ ನಾನು ಅವನ ಮರ್ಯಾದೆ ಕಾಯುತ್ತಿದ್ದೇನೆಂದು ತಿಳಿದಿದ್ದೆ, ಕಾಯುತ್ತಿದ್ದವನು ಅವನು.

ಅಂದು ಅವನ ಸೈಕಲ್ಲನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದೆ. ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ನನ್ನ ಸೈಕಲ್ಲಿನಲ್ಲಿ ಎರಡು ದೀಪಗಳಿದ್ದವು. ನಾನು ತಪ್ಪಿದರೆ ನನ್ನ ವ್ಯಾಯಾಮ ತಪ್ಪುತ್ತಿತ್ತು, ಅವನು ತಪ್ಪಿದರೆ ಅವನ ದಿನದ ಕೂಲಿ ತಪ್ಪುತ್ತಿತ್ತು; ಆದರೂ ಕತ್ತಲಲ್ಲಿ ಕಾಣಿಸುವ ಅನುಕೂಲ ನನ್ನದು ಮಾತ್ರ. ಮುಂದಿನ ಶುಕ್ರವಾರ ಗುಂಪಿನ ಮುಂದೆ ಎರಡು ವಿಷಯ ಹೇಳಿದೆ. ಮೊದಲನೆಯದು, ನನ್ನ ಮಂಡಿ ಎಂದೂ ನೋಯಲಿಲ್ಲ ಎಂಬುದು. ಎರಡನೆಯದು ಈ ದೀಪದ ವಿಚಾರ. ಮೊದಲನೆಯದಕ್ಕೆ ಎಲ್ಲರೂ ನಕ್ಕರು. ಎರಡನೆಯದಕ್ಕೆ ಎಲ್ಲರೂ ದುಡ್ಡು ಹಾಕಿದರು. ಹಿಂದಿನ ಕೆಂಪು ದೀಪ, ಬೆಳಕು ಬಿದ್ದರೆ ಹೊಳೆಯುವ ಅಂಗಿ. ಕೆಲವು ಶುಕ್ರವಾರ ಚಹಾದಂಗಡಿಯ ಮುಂದೆ ನಿಂತು ಹಂಚಿದೆವು. ಬೈಂದೂರಿನ ಮಿತ್ರ ಒಂದೊಂದು ಸೈಕಲ್ಲಿಗೂ ತಂತಿ ಬಿಗಿದು ದೀಪ ಕಟ್ಟಿದ. ಯಾರಿಗೂ ಭಾಷಣ ಮಾಡಲಿಲ್ಲ, ಛಾಯಾಚಿತ್ರ ತೆಗೆಯಲಿಲ್ಲ.

ಆ ಬಳಿಕ ಗುಂಪಿನೊಂದಿಗೆ ಬೌಶರಿನಿಂದ ಅಮರಾತಿಗೆ ಹೋಗುವ ಗುಡ್ಡ ಹತ್ತುವಾಗ, ಕಾಲು ಸೋತ ಜಾಗದಲ್ಲಿ ನಾನು ಇಳಿದೆ. ದೂಡುತ್ತ ಹೋದೆ. ಟೂರ್ ಆಫ್ ಒಮಾನಿನ ಸವಾರರೂ ಏದುಸಿರು ಬಿಟ್ಟು ಹತ್ತಿದ ಗುಡ್ಡವದು. ದಾಟಿ ಹೋದವರಲ್ಲಿ ಕೆಲವರು ಕೈಯೆತ್ತಿದರು, ಕೆಲವರು ನೋಡಲಿಲ್ಲ. ಹದಿಮೂರರ ಮಗ್ಗಿ ಹೇಳಿಕೊಂಡು ಹತ್ತಿದೆ. ಹದಿಮೂರು ಎಂಟಲೆ ನೂರನಾಲ್ಕು ಎಂಬಲ್ಲಿಗೆ ನೆತ್ತಿ ಬಂತು. ಕಾಫಿಯ ಹೊತ್ತಿಗೆ ಎಂದಿನ ಪ್ರಶ್ನೆ ಬಂದಾಗ, "ಇಲ್ಲ, ಎರಡು ಕಡೆ ದೂಡಿದೆ" ಎಂದೆ. ಮೇಜಿನ ಆ ತುದಿಯಲ್ಲಿದ್ದ ಒಮಾನಿ ಹುಡುಗನೊಬ್ಬ ಮೆಲ್ಲಗೆ, "ನಾನೂ" ಎಂದ.

ಬೈಂದೂರಿನ ಮಿತ್ರ ಈಗ ಊರಿನಲ್ಲಿದ್ದಾನೆ. ಕೊರೊನಾ ಕಾಲದಲ್ಲಿ, 2020ರಲ್ಲಿ, ಶೆಡ್ಡಿನ ಕೆಲಸ ನಿಂತಾಗ ಹಿಂದಿರುಗಿದವನು ಅಲ್ಲಿಯೇ ಗ್ರಿಲ್ ಕೆಲಸದ ಅಂಗಡಿ ಹಾಕಿಕೊಂಡ. ಹೊರಡುವ ಮೊದಲು ಆ ಬಿಸ್ಕತ್ತಿನ ಡಬ್ಬಿಯನ್ನು ನನಗೆ ಕೊಟ್ಟುಹೋದ. ಸೊಲ್ಯೂಷನ್ ಒಣಗಿದೆ, ಹೊಸದು ತುಂಬಿಸಿಟ್ಟಿದ್ದೇನೆ. ಡಬ್ಬಿ ನನ್ನ ತೆಳ್ಳನೆಯ ಸೀಟಿನ ಕೆಳಗೆ ಹಿಡಿಸುವುದಿಲ್ಲ. ಬೆನ್ನಿನ ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ. ಅದು ಬೆನ್ನಿಗೆ ಒತ್ತುತ್ತದೆ. ರಸ್ತೆಯಂಚಿನಲ್ಲಿ ಯಾರಾದರೂ ಸೈಕಲ್ಲು ಮಗುಚಿ ಹಾಕಿಕೊಂಡು ನಿಂತಿದ್ದರೆ ಇಳಿಯುತ್ತೇನೆ. ಅವರಲ್ಲಿ ಹೆಚ್ಚಿನವರು ಬಂಗಾಳಿಗಳು, ಪಾಕಿಸ್ತಾನಿಗಳು; ನನ್ನ ಹಿಂದಿ ಸಾಕಾಗುತ್ತದೆ.

ಸಮ್ಮೇಳನಕ್ಕೆ ದೂರದೂರದಿಂದ ಬಂದಿರುವ ಬಂಧುಗಳೇ, ನಿಮ್ಮಲ್ಲಿ ಹಲವರು ನಿಮ್ಮ ನಿಮ್ಮ ಊರುಗಳಲ್ಲಿ ಓಡುತ್ತೀರಿ, ಸೈಕಲ್ಲು ತುಳಿಯುತ್ತೀರಿ, ಪದಕಗಳನ್ನೂ ಗಳಿಸಿರುತ್ತೀರಿ. ನನ್ನಲ್ಲಿ ತೋರಿಸಲು ಪದಕವಿಲ್ಲ. ಕಲ್ಹಟ್ಟಿಯ ಹತ್ತೊಂಬತ್ತು ತಿರುವುಗಳು ಇನ್ನೂ ಬಾಕಿಯಿವೆ. ಕಾಲಿಗೆ ಬಲವಿರುವಾಗಲೇ ಇನ್ನೊಮ್ಮೆ ಹೋಗಬೇಕೆಂದಿದ್ದೇನೆ. ಈ ಸಲ ವಾಹನ ಪಕ್ಕಕ್ಕೆ ಬಂದು ನಿಂತರೆ, ನೀವು ಹೋಗಿ, ನಾನು ದೂಡಿಕೊಂಡು ಬರುತ್ತೇನೆ ಎಂದು ಹೇಳುತ್ತೇನೆ. ಬೈಂದೂರಿನವನಿಗೆ ಫೋನಿನಲ್ಲಿ ಈ ಯೋಚನೆ ತಿಳಿಸಿದಾಗ, "ನಾನೂ ಬತ್ತೆ, ಹಿಂದಿಂದ ದೂಡುಕೆ" ಎಂದ.